ಊರಿನ ಸರಾಸರಿ ಇಪ್ಪತ್ತೇಳು

ನಾನು ಪುಕ್ಕಲು ಸ್ವಭಾವದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಇಪ್ಪತ್ತು ದಿನಗಳ ಬಗ್ಗೆ ಲೆಕ್ಕದ ಮನೆಯವರು ಹೊರಡಿಸಿದ ವರದಿಯ ಮೊದಲ ವಾಕ್ಯವೂ ಇದೇ: "ದೂರುದಾರಳು ಪುಕ್ಕಲು ಸ್ವಭಾವದವಳು." ನಲವತ್ತು ಪುಟಗಳ ಆ ವರದಿಯಲ್ಲಿ ನಾನು ತಕರಾರಿಲ್ಲದೆ ಒಪ್ಪಬಹುದಾದ ವಾಕ್ಯ ಅದೊಂದೇ. ಗ್ಯಾಸ್ ಆರಿಸಿದೆನೇ ಎಂದು ಎರಡು ಸಲ ನೋಡುತ್ತೇನೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ. ಅಂಕಿಗಳನ್ನೂ ಹಾಗೆಯೇ ಜಗ್ಗಿ ನೋಡುವ ಅಭ್ಯಾಸ ಇದ್ದುದರಿಂದ ಇಷ್ಟೆಲ್ಲ ಆಯಿತು.

ನಮ್ಮ ಊರಿನಲ್ಲಿ ಸೆಕೆಯಾಗಲಿ ಚಳಿಯಾಗಲಿ ತಾನಾಗಿ ಬರುವುದಿಲ್ಲ. ಲೆಕ್ಕದ ಮನೆಯಲ್ಲಿ ಲೆಕ್ಕ ಮಾಡಿ, ಬೆಳಿಗ್ಗೆ ಆರಕ್ಕೆ ಬಾಗಿಲ ಪಕ್ಕದ ಹಲಗೆಯ ಮೇಲೆ ಅಂಕಿ ಬರೆದ ಮೇಲೆಯೇ ಬರುತ್ತವೆ. ಹಲಗೆಯಲ್ಲಿ ಇಪ್ಪತ್ತೇಳು ಎಂದಿದ್ದರೆ ಮರುದಿನ ಆರರವರೆಗೆ ಮನೆಯೊಳಗೂ ಮನೆಯ ಮುಂದಿನ ಬೀದಿಯಲ್ಲೂ ಇಪ್ಪತ್ತೇಳು. ಒಲೆ ಹಚ್ಚಿದರೆ ಅನ್ನ ಬೇಯುತ್ತದೆ, ಕೋಣೆ ಬೆಚ್ಚಗಾಗುವುದಿಲ್ಲ. ಮನಸ್ಸಿಗೆ ಬಂದ ಅಂಕಿಯನ್ನು ಗೀಚಿದರೆ ಮನೆ ಕೇಳುವುದಿಲ್ಲ. ಸುತ್ತಲಿನ ನಾಲ್ಕು ಮನೆಗಳ ಅಂಕಿಗೆ ಹೊಂದುವ ಲೆಕ್ಕವಾಗಿದ್ದರೆ ಮಾತ್ರ ಕೇಳುತ್ತದೆ. ಬರೆದವರು ಯಾರು ಎಂಬುದು ಮನೆಗೆ ಮುಖ್ಯವಲ್ಲ. ಈ ಕೊನೆಯ ಸಂಗತಿ ಲೆಕ್ಕದ ಮನೆಯವರಿಗೆ ಇಷ್ಟವಾಗದ ಕಾರಣ ಊರಿನಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಊರಿನ ದಕ್ಷಿಣದ ಅಂಚಿನಲ್ಲಿ ಸುಣ್ಣದ ಗೂಡು ಇದೆ. ಅಲ್ಲಿನ ಸಾಲುಮನೆಗಳಿಗೆ ಯಾವಾಗಲೂ ನಲವತ್ತು. ಉತ್ತರದ ಅಂಚಿಗೆ ಕೆರೆ. ಅಲ್ಲಿ ಯಾವಾಗಲೂ ಹದಿನಾಲ್ಕು. ಈ ಎರಡು ಅಂಕಿಗಳನ್ನು ಯಾರೂ ಲೆಕ್ಕ ಮಾಡುವುದಿಲ್ಲ, ಅವು ಹಿರಿಯರು ಹೇಳಿಟ್ಟವು. ಹೀಗಾಗಿ ಅಂಚಿನವರಿಗೆ ನಾಳೆಯ ಚಿಂತೆಯಿಲ್ಲ, ಸಂಬಂಧ ಬೆಳೆಸುವಾಗ ಅದನ್ನು ಹೇಳಿಕೊಳ್ಳದೆ ಬಿಡುವುದೂ ಇಲ್ಲ. ನಾವು ಸರಿಯಾಗಿ ನಡುವಿನ ಬೀದಿಯವರು. ನಮಗೆ ಇಪ್ಪತ್ತೇಳು. ಅಷ್ಟು ಹಿತವಾದ ಅಂಕಿಯಲ್ಲಿ ಹುಟ್ಟಿ ಬೆಳೆದವರಿಗೆ ಜಗಳವಾಡಲು ಹವಾಮಾನ ಸಿಗುವುದಿಲ್ಲ, ಬೇರೆ ಕಾರಣ ಹುಡುಕಬೇಕು. ನನ್ನ ಅತ್ತೆ ಹಾಲಮ್ಮನವರಿಗೂ ಪಕ್ಕದ ಮನೆಯ ಸಾವಂತ್ರಮ್ಮನವರಿಗೂ ಬಚ್ಚಲುನೀರಿನ ಮೋರಿ ಸಿಕ್ಕಿತ್ತು. ಹನ್ನೊಂದು ವರ್ಷದಿಂದ ಮಾತಿಲ್ಲ. ನಡುವೆ ಒಂದು ಗೋಡೆ, ಗೋಡೆಯ ಬುಡದಲ್ಲಿ ಆ ಮೋರಿ.

ಲೆಕ್ಕದ ಮನೆಯ ಹನ್ನೆರಡು ಜನ ಲೆಕ್ಕಿಗರಲ್ಲಿ ನಾನೊಬ್ಬಳು. ಕಾಲೇಜಿನಲ್ಲಿ ಆಂಶಿಕ ಅವಕಲ ಸಮೀಕರಣಗಳನ್ನು ಓದಿದವಳು. ಅತ್ತೆ ಇದನ್ನು ನೆಂಟರಿಗೆ, "ನಮ್ ಸೊಸೆ ಅದೇನೋ ಬಿಸಿ ಹೆಂಗ್ ಹರೀತದೆ ಅಂತ ಓದವ್ಳಂತೆ" ಎಂದು ಹೇಳುತ್ತಾರೆ. ಆ ವಿಷಯಕ್ಕೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನನ್ನ ಅಧ್ಯಾಪಕರೂ ಕೊಟ್ಟಿರಲಿಲ್ಲ.

ಮೊದಲೆಲ್ಲ ನಾಲ್ಕು ಮನೆಗಳಿಗೆ ಸೇರಿ ಒಂದು ಚೌಕ, ಒಂದು ಅಂಕಿ. ಹೊಸ ಅಧ್ಯಕ್ಷರು ಚೆನ್ನವೀರಯ್ಯನವರು ಬಂದವರೇ, ಇನ್ನು ಮುಂದೆ ಪ್ರತಿ ಮನೆಗೂ ಅದರದೇ ಚೌಕ, ಅದರದೇ ಅಂಕಿ ಎಂದು ಸಾರಿದರು. ಊರು ಹಿಗ್ಗಿತು. ಹೊಸ ಹಲಗೆಗಳಿಗೆ ಅರಿಶಿನ ಕುಂಕುಮ ಹಚ್ಚಿದರು. ನಾನೂ ಹಚ್ಚಿದೆ, ಆಮೇಲೆ ಕುಳಿತು ಲೆಕ್ಕ ಹಾಕಿದೆ. ಚೌಕದ ಅಗಲ ಅರ್ಧವಾದರೆ ಬಿಸಿ ಅದನ್ನು ದಾಟಲು ಕಾಲುಭಾಗ ಹೊತ್ತು ಸಾಕು. ಮೊದಲು ಒಂದು ದಿನದಲ್ಲಿ ನೆರೆಯ ನಾಲ್ವರ ಅಂಕಿಗೆ ನೂರರಲ್ಲಿ ಇಪ್ಪತ್ತೇಳೂವರೆ ಪಾಲು ಬೆಲೆ ಕೊಡುತ್ತಿದ್ದೆವು, ಉಳಿದದ್ದು ಮನೆಯ ಸ್ವಂತ ಅಂಕಿಗೆ. ಈಗ ಅದೇ ನಾಲ್ಕು ಪಟ್ಟಾಗಿ ನೆರೆಯವರಿಗೆ ನೂರಹತ್ತು ಪಾಲು. ಮನೆಯ ಸ್ವಂತಕ್ಕೆ ಸೊನ್ನೆಗಿಂತ ಹತ್ತು ಕಡಿಮೆ. ಅಂದರೆ ನೆರೆಮನೆ ತಣ್ಣಗಿದ್ದರೆ ನಮ್ಮ ಮನೆ ನಾಳೆ ಅಷ್ಟೇ ತಣ್ಣಗಾಗಿ ನಿಲ್ಲುವುದಿಲ್ಲ, ಅದನ್ನೂ ದಾಟಿ ಹೋಗುತ್ತದೆ. ಅವರು ನಮ್ಮನ್ನು ದಾಟುತ್ತಾರೆ. ನಾಳಿದ್ದು ಮತ್ತೆ ನಾವು ಅವರನ್ನು. ದಿನಕ್ಕೆ ಒಂದರ ಬದಲು ಎರಡು ಸುತ್ತು ಲೆಕ್ಕ ಮಾಡಿದರೂ ಸಾಕು, ಹೀಗೆ ದಾಟುವುದು ತಪ್ಪುತ್ತದೆ ಎಂದು ಟಿಪ್ಪಣಿ ಬರೆದು ಸಭೆಯಲ್ಲಿಟ್ಟೆ.

ಚೆನ್ನವೀರಯ್ಯನವರು ಟಿಪ್ಪಣಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ವನಜಾಕ್ಷಮ್ಮ, ಚೌಕ ನಾಲ್ಕು ಪಟ್ಟು ಮಾಡಿದೀವಿ. ಈಗ ಸುತ್ತೂ ಎರಡು ಮಾಡಿ ಅಂತೀರಿ. ಜನ ಸಾಯ್ಬೇಕಾ?"

"ಸಾಯಬಾರದು ಅಂತಲೇ ಸರ್."

"ಅಲ್ಲಮ್ಮ, ನೆರೆಯವರ ಮಾತಿಗೆ ನೂರಕ್ಕೆ ನೂರಹತ್ತು ಬೆಲೆ ಕೊಡ್ತಿದೀವಿ ಅಂತ ನೀವೇ ಬರ್ದಿದೀರಿ. ಇದು ಒಳ್ಳೇದೋ ಕೆಟ್ಟದ್ದೋ?"

ಸಭೆ ಚಪ್ಪಾಳೆ ತಟ್ಟಿತು. ಮರುದಿನ ಲೆಕ್ಕದ ಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು: ನೆರೆಯವರ ಮಾತಿಗೆ ನೂರಕ್ಕೆ ನೂರಹತ್ತು! ನನ್ನ ಟಿಪ್ಪಣಿಯಿಂದ ಗೋಡೆಗೇರಿದ ವಾಕ್ಯ ಅದೊಂದೇ.

ಇದೇ ವಾರ ನನ್ನ ನಾದಿನಿ ನೀಲಾ ಎಂಟು ತಿಂಗಳಿಗೇ ಹೆತ್ತು, ಕೂಸನ್ನು ಕಟ್ಟಿಕೊಂಡು ಬಾಣಂತನಕ್ಕೆ ತಾಯಿಯ ಮನೆಗೆ, ಎಂದರೆ ನಮ್ಮ ಮನೆಗೆ ಬಂದಳು. ಹೆಣ್ಣುಕೂಸು. ಒಂದೂಮುಕ್ಕಾಲು ಕಿಲೋ. ಅಂಗೈಯಲ್ಲಿಟ್ಟರೆ ಕಾಲು ಮಾತ್ರ ಹೊರಗೆ. ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು: ಒಂದು ತಿಂಗಳು ಎಲ್ಲಿಗೂ ಎತ್ತಿಕೊಂಡು ಹೋಗಬೇಡಿ, ಮನೆ ತೀರಾ ಬಿಸಿಯೂ ತೀರಾ ತಣ್ಣಗೂ ಆಗದಂತೆ ನೋಡಿಕೊಳ್ಳಿ. ಅತ್ತೆ ನಕ್ಕರು. "ನಮ್ಮನೆ ಇಪ್ಪತ್ತೇಳು ಡಾಕ್ಟ್ರಮ್ಮ. ಮೂರು ತಲೆಮಾರಿಂದ."

ನಾನು ಒಂದು ನೋಟ್‌ಬುಕ್ ಇಟ್ಟೆ. ಮೊದಲ ದಿನ ನಮ್ಮದು ಇಪ್ಪತ್ತಾರೂವರೆ, ಸಾವಂತ್ರಮ್ಮನವರದು ಇಪ್ಪತ್ತೇಳೂವರೆ. ಎರಡನೆಯ ದಿನ ಅದು ತಿರುಗುಮುರುಗಾಯಿತು. ನಮ್ಮ ಮುಂದಿನ ಮನೆ, ಹಿಂದಿನ ಮನೆ, ಆಚೆಯ ಮನೆ ಎಲ್ಲವೂ ನಮಗೆ ವಿರುದ್ಧ. ಹಜಾರದಲ್ಲಿ ಹಾಸಿದ ಕಪ್ಪುಬಿಳಿ ಕಲ್ಲುಗಳಂತೆ ಊರು ಒಂದು ಮನೆ ಬಿಸಿ, ಒಂದು ಮನೆ ತಂಪು. ಅರ್ಧ ಡಿಗ್ರಿ ಯಾರಿಗೆ ಗೊತ್ತಾಗುತ್ತದೆ? ನನಗೆ ಗೊತ್ತಾಯಿತು. ದಿನಕ್ಕೆ ಐದನೆಯ ಒಂದು ಪಾಲಿನಂತೆ ಅದು ಬೆಳೆಯುತ್ತಿರುವುದೂ ಗೊತ್ತಾಯಿತು. ಗೊತ್ತಾದದ್ದನ್ನು ಹೇಳಿದಾಗಲೆಲ್ಲ ಜನ ನನ್ನ ಕಡೆ ಕನಿಕರದಿಂದ ನೋಡಿ, ಸರಿಯಾಗಿ ನಿದ್ದೆ ಬರುತ್ತದೆಯೇ ಎಂದು ಕೇಳುತ್ತಿದ್ದರು.

ಹತ್ತನೆಯ ದಿನಕ್ಕೆ ಅದು ಮೂರು ಡಿಗ್ರಿಯಾಯಿತು, ಹದಿನೈದನೆಯ ದಿನಕ್ಕೆ ಏಳೂಮುಕ್ಕಾಲು. ಒಂದು ದಿನ ಮೂವತ್ತೈದು, ಮರುದಿನ ಹತ್ತೊಂಬತ್ತು. ಊರಿನ ಜನ ಎಷ್ಟು ಬೇಗ ಹೊಂದಿಕೊಂಡರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಿಸಿಯ ದಿನ ಮಂಚದ ಮೇಲೆ ಸಂಡಿಗೆ ಹಾಕಿದರು. ತಂಪಿನ ದಿನ ಹಾಲಿಗೆ ಹೆಪ್ಪು ಹಾಕಲು ಪಕ್ಕದ ಮನೆಗೆ ಕಳಿಸಿದರು. ನೆರೆಯವರೊಂದಿಗೆ ಚೆನ್ನಾಗಿದ್ದವರು ಚಾಪೆ ಸುರುಳಿ ಸುತ್ತಿಕೊಂಡು ದಿನ ಬಿಟ್ಟು ದಿನ ಆ ಮನೆಗೆ ಈ ಮನೆಗೆ ಓಡಾಡುತ್ತ, ಯಾರ ಮನೆಯ ಉಪ್ಪಿನಕಾಯಿ ಚೆನ್ನ ಎಂದು ಚರ್ಚೆ ಮಾಡಿದರು. ನೂರಹತ್ತು ಬೆಲೆಯ ಫಲವಾಗಿ ಊರಿನಲ್ಲಿ ಸೌಹಾರ್ದ ಹೆಚ್ಚಿದೆ ಎಂದು ಚೆನ್ನವೀರಯ್ಯನವರು ಭಾಷಣ ಮಾಡಿದರು. ನಾವು ಎತ್ತಲೂ ಓಡಾಡಲಿಲ್ಲ. ಕೂಸನ್ನು ಎತ್ತಿ ಹೊರಡುವಂತಿರಲಿಲ್ಲ. ಹೊರಟರೂ ಎಲ್ಲಿಗೆ? ನಮ್ಮ ಕೂಸಿಗೆ ಬೇಕಾದದ್ದು ಇಪ್ಪತ್ತೇಳು. ಅದು ಊರಿನ ಯಾವ ಮನೆಯಲ್ಲೂ ಉಳಿದಿರಲಿಲ್ಲ.

ಹದಿನೆಂಟನೆಯ ದಿನ ನಮ್ಮ ಹಲಗೆ ನಲವತ್ತು ತೋರಿಸಿತು. ಕೂಸಿನ ತುಟಿ ಒಣಗಿತು. ನೀಲಾ ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ. "ಅತ್ತಿಗೆ, ಇದು ಕುಡೀತಾನೇ ಇಲ್ಲ" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಒದ್ದೆ ಬಟ್ಟೆ ಬೀಸಿ ಬೀಸಿ ದಿನ ಕಳೆದೆವು. ಹತ್ತೊಂಬತ್ತನೆಯ ದಿನ ಹನ್ನೊಂದು. ನೀಲಾ, ಅತ್ತೆ, ನಾನು ಸರದಿಯಂತೆ ಕೂಸನ್ನು ಬರಿಯ ಎದೆಗೆ ಒತ್ತಿ, ಮೇಲೆ ಮೂರು ಕಂಬಳಿ ಹೊದ್ದು ಕುಳಿತೆವು. ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು, ಕೋಣೆ ಹನ್ನೊಂದೇ.

ನನ್ನ ಸರದಿ ಮುಗಿಸಿ ಲೆಕ್ಕದ ಮನೆಗೆ ಓಡಿದೆ. ನಾಳೆಯ ಲೆಕ್ಕ ಆಗಲೇ ಸಿದ್ಧವಾಗಿತ್ತು. ನಮ್ಮ ಮನೆಗೆ ನಲವತ್ತಾರು. ಸಾವಂತ್ರಮ್ಮನವರಿಗೆ ಎಂಟು. ಲೆಕ್ಕದ ಪುಸ್ತಕವನ್ನು ಹಾಗೆಯೇ ಎತ್ತಿಕೊಂಡು ಅಧ್ಯಕ್ಷರ ಮೇಜಿನ ಮೇಲಿಟ್ಟೆ.

"ಸರ್, ನಲವತ್ತಾರರಲ್ಲಿ ನಮ್ಮ ಕೂಸು ಉಳಿಯಲ್ಲ."

ಅವರು ಪುಟದ ಕೊನೆಯ ಸಾಲಿಗೆ ಬೆರಳಿಟ್ಟರು. "ಇಲ್ಲಿ ನೋಡಮ್ಮ. ಊರಿನ ಸರಾಸರಿ ಎಷ್ಟು?"

"ಇಪ್ಪತ್ತೇಳು."

"ಹೋದ ತಿಂಗಳು?"

"ಇಪ್ಪತ್ತೇಳು."

"ಮತ್ತೆ? ಒಂದು ಚೂರಾದ್ರೂ ಅಲ್ಲಾಡಿದೆಯಾ? ನಾನು ಊರು ನೋಡ್ಬೇಕು ತಾಯಿ, ಒಂದೊಂದು ಮನೆ ನೋಡ್ತಾ ಕೂತ್ರೆ ಆಗುತ್ತಾ?"

ಪ್ರತಿ ಮನೆಗೂ ಅದರದೇ ಅಂಕಿ ಕೊಟ್ಟ ಮಹಾನುಭಾವರು ಇವರೇ ಎಂದು ನೆನಪಿಸಬೇಕೆನಿಸಿತು. ಮಾತಿನಲ್ಲಿ ನಾನು ಬಹಳ ಎಚ್ಚರಿಕೆಯವಳು. "ಸರಿ ಸರ್" ಎಂದು ಹೊರಗೆ ಬಂದೆ.

ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಅತ್ತೆ ಬಚ್ಚಲಲ್ಲಿ ಕೂಸಿನ ಮೈ ಒರೆಸಲು ನೀರು ಹದ ಮಾಡುತ್ತಿದ್ದರು. ಹಂಡೆಯ ಬಿಸಿನೀರಿಗೆ ಒಂದು ಲೋಟ ತಣ್ಣೀರು, ಮೊಣಕೈ ಅದ್ದಿ ನೋಡುವುದು, ಮತ್ತೆ ಅರ್ಧ ಲೋಟ. ನನಗೆ ತಡೆಯಲಾಗಲಿಲ್ಲ. "ಅತ್ತೆ, ಲೋಟದಲ್ಲೇ ಯಾಕೆ? ಬಕೆಟ್‌ನಲ್ಲೇ ಸುರಿದರೆ ಬೇಗ ಆಗಲ್ವಾ?"

"ಏನ್ ಓದಿದ್ಯೋ ಏನೋ! ಬಕೀಟ್ ಸುರುದ್ರೆ ಐಸಾಯ್ತದೆ. ಆಮೇಲ್ ಬಿಸೀದ್ ಒಂದ್ ಬಕೀಟು, ಕುದೀತದೆ. ಇಡೀ ದಿನ ಸುರೀತಾ ಕೂತ್ಕೊ ನೀನು."

"ಲೆಕ್ಕದ ಮನೆಯವರು ಮಾಡ್ತಿರೋದು ಅದೇ ಅತ್ತೆ. ಬಕೆಟ್‌ನಲ್ಲಿ ಸುರೀತಿದ್ದಾರೆ."

ಅತ್ತೆ ಲೋಟವನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಇದುನ್ನ ಮೊದ್ಲೇ ಹಿಂಗ್ ಹೇಳಕ್ಕೇನಾಗಿತ್ತು ನಿಂಗೆ? ಇಪ್ಪತ್ ದಿನದಿಂದ ಪಾಲು, ಪಟ್ಟು ಅಂತ ಬಡ್ಕೋತಿದ್ದಿ. ಈಗೇನ್ ಮಾಡ್ಬೇಕು, ಅದುನ್ನ ಹೇಳು."

ಕಾಲೇಜಿನಲ್ಲಿ ಓದಿದ್ದ ಇನ್ನೊಂದು ಕ್ರಮ ನನಗೆ ನೆನಪಿತ್ತು. ಅದರಲ್ಲಿ ನೆರೆಯವರ ಇವತ್ತಿನ ಅಂಕಿಯನ್ನು ನೋಡುವುದಿಲ್ಲ, ನಾಳಿನದನ್ನು ಕೇಳಬೇಕು. ನಮ್ಮ ಇವತ್ತಿನದು ಹೆಚ್ಚುಕಡಿಮೆ ಅರ್ಧ, ನೆರೆಯ ನಾಲ್ವರ ನಾಳಿನ ಸರಾಸರಿ ಅರ್ಧ. ಅವರ ನಾಳೆ ನಮ್ಮ ನಾಳೆಯನ್ನೇ ಕಾಯುತ್ತಿರುತ್ತದೆ, ನಮ್ಮದು ಅವರದನ್ನು. ಹಾಗಾಗಿ ಒಂದು ಅಂದಾಜು ಹೇಳುವುದು, ಅವರು ತಿದ್ದಿ ಹೇಳುವುದು, ನಾವು ತಿದ್ದುವುದು, ಅಂಕಿಗಳು ಅಲ್ಲಾಡದೆ ನಿಲ್ಲುವವರೆಗೆ. ಎಷ್ಟು ದೊಡ್ಡ ಹೆಜ್ಜೆ ಇಟ್ಟರೂ ಈ ಲೆಕ್ಕ ಯಾರನ್ನೂ ದಾಟಿಸಿ ಎಸೆಯುವುದಿಲ್ಲ. ಒಂದೇ ತೊಂದರೆ, ಊರಿನವರೆಲ್ಲ ಪರಸ್ಪರ ಮಾತಾಡಬೇಕು. ಲೆಕ್ಕದ ಮನೆಯಲ್ಲಿ ಇದನ್ನು ದುಬಾರಿ ವಿಧಾನ ಎನ್ನುತ್ತಾರೆ.

"ಅಷ್ಟೇನಾ?" ಎಂದರು ಅತ್ತೆ. ಹಿತ್ತಿಲಿಗೆ ಹೋಗಿ ಗೋಡೆಯ ಮೇಲಿಂದ ಹಿಂದಿನ ಮನೆಯವರನ್ನು ಕೂಗಿದರು. ಅವರು ತಮ್ಮ ಹಿಂದಿನವರನ್ನು. ಯಾರ ಮಗಳು ಯಾರ ಜೊತೆ ಓಡಿಹೋದಳು ಎಂಬುದು ನಮ್ಮ ಊರಿನಲ್ಲಿ ಗೂಡಿನಿಂದ ಕೆರೆ ಮುಟ್ಟಲು ಮುಕ್ಕಾಲು ಗಂಟೆ ಸಾಕು. ಹನ್ನೆರಡು ಜನ ಲೆಕ್ಕಿಗರು, ಒಬ್ಬ ಅಧ್ಯಕ್ಷ, ಗೋಡೆಬರಹ ಯಾವುದೂ ಇಲ್ಲದ ಆ ದಾರಿಯಲ್ಲೇ ಲೆಕ್ಕವೂ ಹೊರಟಿತು. ನಾನೂರು ಮನೆಗಳ ಹಿತ್ತಿಲುಗಳಲ್ಲಿ ಹೆಂಗಸರು ಸ್ಟೂಲು, ಒರಳು, ಮಗುಚಿದ ಕೊಳಗ, ಸಿಕ್ಕಿದ್ದರ ಮೇಲೆ ಹತ್ತಿ ನಿಂತು ಅಂಕಿ ಕೂಗಿದರು. "ನಮ್ದು ಮೂವತ್ತೈದು ಕಣೆ!" "ಹಂಗಾದ್ರೆ ನಮ್ದು ಇಪ್ಪತ್ಮೂರು ಹಾಕ್ಕೊ!" ಮೂರು ಗಂಟೆಗೆ ಮೊದಲ ಸುತ್ತು ಮುಗಿಯಿತು, ನಾಲ್ಕಕ್ಕೆ ಮೂರನೆಯದು. ನಮ್ಮ ಸುತ್ತಲಿನ ಮೂರು ಮನೆಗಳು ಮೂವತ್ತೆರಡು ಮೂವತ್ತಮೂರರ ನಡುವೆ ಬಂದು ನಿಲ್ಲತೊಡಗಿದವು. ನಾಲ್ಕನೆಯದು ಮಾತ್ರ ಖಾಲಿ.

ನಾನೇ ಗೋಡೆಯ ಬಳಿ ಹೋಗಿ ಕರೆದೆ. "ಸಾವಂತ್ರಮ್ಮನವರೇ, ನಿಮ್ಮದು ನಾಳೆ ಎಷ್ಟು?"

ಆಚೆಯಿಂದ ಪಾತ್ರೆ ಉಜ್ಜುವ ಸದ್ದು ನಿಂತಿತು. "ನೀನ್ಯಾಕವ್ವ ಕೇಳೀಯೆ? ನಿಮ್ಮತ್ತೆಗೆ ಬಾಯಿಲ್ವಾ? ಕೇಳ್ಲಿ. ಹನ್ನೊಂದ್ ವರ್ಸ ಆಯ್ತು, ನಾನೂ ಆ ದನಿ ಹೆಂಗೈತೆ ನೋಡ್ತೀನಿ."

ಅತ್ತೆಗೆ ಹೇಳಿದೆ. ಅವರ ಮುಖ ಬಿಗಿಯಿತು. "ಅವ್ಳುದ್ ಬ್ಯಾಡ. ಮೂರೇ ಸಾಕು."

"ಸಾಕಾಗಲ್ಲ ಅತ್ತೆ. ಅವರು ಲೆಕ್ಕಕ್ಕೆ ಸೇರದಿದ್ದರೆ ಅವರ ಮನೆ ಎಂಟಕ್ಕೇ ಹೋಗುತ್ತೆ. ನಾವು ಏನು ಬರೆದರೂ ನಮ್ಮ ಮನೆ ಕೇಳಲ್ಲ. ನಲವತ್ತಾರೇ ಆಗುತ್ತೆ."

"ಬಚ್ಚಲ್ ನೀರ್ನ ನಮ್ ಬಾಗ್ಲಿಗ್ ಬುಟ್ಟೋಳು ಅವ್ಳು."

ಒಳಗೆ ನೀಲಾ ಕಂಬಳಿಯ ಸಂದಿಯಿಂದ ತಾಯಿಯನ್ನೇ ನೋಡುತ್ತಿದ್ದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಯ ಮಣೆ, ಅದರ ಮೇಲೆ ಸ್ಟೂಲು ಇಟ್ಟು ಹತ್ತಿದರು.

"ಏ ಸಾವಂತ್ರಿ. ನಿಂದ್ ನಾಳೆ ಎಷ್ಟೇ?"

"ನಿಂದೆಷ್ಟು ಅಂತ ಗೊತ್ತಾಗ್ದೆ ನಂದ್ ಹೆಂಗ್ ಹೇಳ್ಲಿ?"

"ನೀನ್ ಹೇಳಿದ್ ಮ್ಯಾಕೆ ತಾನೇ ನಂದ್ ಹೇಳಕ್ಕಾಗದು!"

"ಮೊದ್ಲು ಬಂದೋಳ್ ನೀನು, ನೀನೇ ಹೇಳು."

"ಮೊದ್ಲು ಮಾತ್ ಬುಟ್ಟೋಳ್ ನೀನು, ನೀನೇ ಹೇಳು."

ಪುಸ್ತಕಗಳಲ್ಲಿ ಈ ಸಂದಿಗ್ಧಕ್ಕೆ ದೊಡ್ಡ ಹೆಸರಿದೆ, ಹತ್ತಾರು ಪರಿಹಾರಗಳಿವೆ. ನಮ್ಮ ಹಿತ್ತಿಲಿನಲ್ಲಿ ಅದು ಹತ್ತು ನಿಮಿಷ ಹಾಗೆಯೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಕೂಸು ಅತ್ತಿತು. ಅಳು ಅನ್ನುವಂತೆಯೂ ಇರಲಿಲ್ಲ, ಬಾಗಿಲ ಸಂದಿಯಲ್ಲಿ ಬೆಕ್ಕಿನಮರಿ ಸಿಕ್ಕಿಕೊಂಡಂಥ ಸಣ್ಣ ದನಿ.

ಗೋಡೆಯಾಚೆ ಸಾವಂತ್ರಮ್ಮನವರ ದನಿ ತಗ್ಗಿತು. "ಕೂಸ್ ದನಿ ಯಾಕೆ ಹಂಗೈತೆ?"

ಅತ್ತೆ ತಿರುಗಿ ಒಳಗಡೆ ನೋಡಿದರು. ಸ್ಟೂಲು ಅಲುಗಿತು. ನಾನು ಸ್ಟೂಲನ್ನು ಹಿಡಿದುಕೊಂಡೆ.

"ಎರಡ್ ದಿನ ಆಯ್ತು," ಎಂದರು ಅತ್ತೆ. "ಹಾಲು ಮುಟ್ಟಿಲ್ಲ ಕಣೆ."

ಗೋಡೆಯಾಚೆ ಒರಳುಕಲ್ಲು ಉರುಳಿಸುವ ಸದ್ದಾಯಿತು. ಸಾವಂತ್ರಮ್ಮನವರ ತಲೆ ಗೋಡೆಯ ಮೇಲೆ ಮೂಡಿತು, ಹನ್ನೊಂದು ವರ್ಷದಲ್ಲಿ ಪೂರ್ತಿ ಬೆಳ್ಳಗಾಗಿದ್ದ ತಲೆ. "ಮೂವತ್ತೈದು ಅಂತ ಹಾಕ್ಕೊ."

"ಇಪ್ಪತ್ಮೂರು," ಎಂದೆ ನಾನು ಕೆಳಗಿನಿಂದ.

"ಇಪ್ಪತ್ಮೂರು," ಎಂದರು ಅತ್ತೆ.

"ಹಂಗಾದ್ರೆ ನಂದು ಮೂವತ್ಮೂರು. ಆ ಮೋರಿ ತೂತು ನಿನ್ ಗಂಡ ಕೊರ್ದಿದ್ದು, ನಾನಲ್ಲ."

"ಇಪ್ಪತ್ತೆರಡು. ಸತ್ತೋರ್ ಮ್ಯಾಲೆ ಹೇಳ್ಬ್ಯಾಡ."

"ಮೂವತ್ತೆರಡೂವರೆ. ಸತ್ತೋರು ಸತ್ರು, ತೂತು ಹಂಗೇ ಐತಲ್ಲ!"

ಐದೂವರೆಗೆ ಅಂಕಿಗಳು ನಿಂತವು. ನಮ್ಮದು ಇಪ್ಪತ್ತೆರಡು, ಅವರದು ಮೂವತ್ತೆರಡು. ಮೋರಿ ನಿಲ್ಲಲಿಲ್ಲ, ಅದು ಏಳರವರೆಗೆ ಸಾಗಿತು.

ಮರುದಿನ ಬೆಳಿಗ್ಗೆ ನಾನೂರು ಬಾಗಿಲುಗಳಲ್ಲಿ ನಾನೂರು ಹೆಂಗಸರು ಒದ್ದೆ ಬಟ್ಟೆ, ಸೀಮೆಸುಣ್ಣ ಹಿಡಿದು ನಿಂತಿದ್ದರು. ಹಲಗೆ ಬರೆಯುವವನು ನಮ್ಮ ಹಲಗೆಯಲ್ಲಿ ನಲವತ್ತಾರು ಎಂದು ಗುಂಡಗೆ ಬರೆದು, "ಏನಮ್ಮ ಎಲ್ರೂ ಇಷ್ಟ್ ಬೇಗ ಎದ್ದಿದೀರಿ, ಹಬ್ಬಾನಾ?" ಎಂದ. ಅವನ ಬೆನ್ನು ತಿರುಗಿದ್ದೇ ತಡ ಅತ್ತೆ ಅದನ್ನು ಒರೆಸಿ ಇಪ್ಪತ್ತೆರಡು ಬರೆದರು. ಬರೆಯುವ ಅಭ್ಯಾಸವಿಲ್ಲದ ಕೈ; ಎರಡು ಎರಡುಗಳೂ ಬೇರೆ ಬೇರೆ ಥರ ಇದ್ದವು. ನಾನು ಹೊಸಿಲಿನ ಮೇಲೆ ಅಂಗೈಯಿಟ್ಟು ಕುಳಿತೆ. ನಾನು ತಪ್ಪು ಮಾಡಿರಬಹುದಾದ ಏಳು ಜಾಗಗಳನ್ನು ಒಂದೊಂದಾಗಿ ನೆನೆದೆ. ಐದನೆಯದಕ್ಕೆ ಬರುವಷ್ಟರಲ್ಲಿ ಹನ್ನೊಂದರ ಕೊರೆತ ಹೊಸಿಲಿನಿಂದ ಇಳಿದುಹೋಯಿತು. ಮನೆ ಕೇಳಿತ್ತು. ನೀಲಾ ಒಂದು ಕಂಬಳಿ ತೆಗೆದಳು, ಆಮೇಲೆ ಇನ್ನೊಂದು. ಎಂಟು ಗಂಟೆಗೆ ಒಳಗಿನಿಂದ, "ಅತ್ತಿಗೆ, ಚೀಪ್ತಿದೆ" ಎಂದಳು. ಈ ಸಲ ಅವಳು ಅಳುತ್ತಿದ್ದಳು.

ಅದರ ಮರುದಿನ ನಮ್ಮದು ಇಪ್ಪತ್ತೈದೂವರೆ. ಆಮೇಲೆ ಇಪ್ಪತ್ತಾರೂವರೆ. ವಾರದೊಳಗೆ ಊರು ಊರಿನಂತಾಯಿತು.

ಲೆಕ್ಕದ ಮನೆಯ ವರದಿ ಬಂದದ್ದು ಎರಡು ತಿಂಗಳ ಮೇಲೆ. ಸದರಿ ಅವಧಿಯುದ್ದಕ್ಕೂ ಊರಿನ ಸರಾಸರಿ ಇಪ್ಪತ್ತೇಳೇ ಇದ್ದುದರಿಂದ ಏನೂ ಆಗಿಲ್ಲವೆಂದೂ, ಏನೂ ಆಗದಿರುವುದನ್ನು ಸರಿಪಡಿಸಿದ್ದಕ್ಕಾಗಿ ನನ್ನಿಂದ ವಿವರಣೆ ಕೇಳಲಾಗಿದೆಯೆಂದೂ ಅದರಲ್ಲಿದೆ. ಹೆಂಗಸರು ಹಿತ್ತಿಲಿನಲ್ಲಿ ಮಾಡುವ ಲೆಕ್ಕಕ್ಕೆ ಅಧ್ಯಕ್ಷರ ಹೆಸರಿಡುವ ಠರಾವೂ ಅದರ ಕೊನೆಯಲ್ಲಿದೆ. ವಿವರಣೆಯನ್ನು ಬರೆಯುತ್ತಿದ್ದೇನೆ. ಪ್ರತಿ ಪದವನ್ನೂ ಎರಡು ಸಲ ಜಗ್ಗಿ ನೋಡುತ್ತಿರುವುದರಿಂದ ತಡವಾಗುತ್ತಿದೆ.

ಮಧ್ಯಾಹ್ನ ಮೂರಾದರೆ ಅತ್ತೆ ಸ್ಟೂಲು ಹತ್ತುತ್ತಾರೆ. "ನಿಂದೆಷ್ಟೇ ಸಾವಂತ್ರಿ?" ಎಂದರೆ, "ಮೊದ್ಲು ನಿಂದ್ ಹೇಳು" ಎಂದು ಆಚೆಯಿಂದ ಬರುತ್ತದೆ. ಮೋರಿಯ ತೂತು ಇನ್ನೂ ಹಾಗೆಯೇ ಇದೆ. ಅದನ್ನು ಮುಚ್ಚಿಸಿಬಿಟ್ಟರೆ ಆಮೇಲೆ ಏನು ಮಾತಾಡುವುದೆಂದು ಇಬ್ಬರಿಗೂ ಹೆದರಿಕೆಯಿದ್ದಂತೆ ಕಾಣುತ್ತದೆ. ಕೂಸನ್ನು ಈಗ ಗೋಡೆಯ ಮೇಲಿಂದ ಆ ಕೈಯಿಂದ ಈ ಕೈಗೆ ದಾಟಿಸುತ್ತಾರೆ, ನಾನು ಕೆಳಗೆ ಎರಡೂ ಕೈ ಚಾಚಿ ನಿಂತಿರುತ್ತೇನೆ. ನಿನ್ನೆ ಅದು ನಾಲ್ಕು ಕಿಲೋ ಮುಟ್ಟಿತು. ಅಂಗನವಾಡಿಯವರು ಊರಿನ ಮಕ್ಕಳ ಸರಾಸರಿ ತೂಕ ತೆಗೆಯಲು ಬಂದಿದ್ದರು. ನಮ್ಮ ಕೂಸಿನ ತೂಕವನ್ನು ನಾನು ಕೊಡಲಿಲ್ಲ.